ವೆಬ್‌ಸೈಟ್ ಇದೆ, ಆದರೆ ಆರ್ಡರ್ ಎಲ್ಲಾ ಫೋನಿನಲ್ಲೇ ಬರುತ್ತಿದೆ. ಏನು ಮಾಡಲಿ?

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಒಂದು ಹಳ್ಳಿ ನಮ್ಮದು. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಎಂಟು ವರ್ಷವಾಯಿತು. ಮೊದಲು ನೆಂಟರಿಗೆ ಕೊಟ್ಟೆವು, ಆಮೇಲೆ ನೆಂಟರ ನೆಂಟರು ಕೇಳಿದರು. ಈಗ ಬೆಂಗಳೂರು, ಮೈಸೂರು, ಪುಣೆಗೂ ಹೋಗುತ್ತದೆ.

2022ರಲ್ಲಿ 45,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ನೋಡಲು ಚೆನ್ನಾಗಿದೆ. ಮೇಲೆ ಐದು ದೊಡ್ಡ ಫೋಟೋಗಳು ಒಂದಾದ ಮೇಲೆ ಒಂದು ಸರಿಯುತ್ತವೆ. 'ನಮ್ಮ ಬಗ್ಗೆ', 'ನಮ್ಮ ಧ್ಯೇಯ', 'ಉತ್ಪನ್ನಗಳು', 'ಸಂಪರ್ಕಿಸಿ' ಎಲ್ಲಾ ಇದೆ. ಹೋಸ್ಟಿಂಗ್ ಪ್ಯಾನೆಲ್ (ಸೈಟ್ ಇಟ್ಟಿರುವ ಕಂಪನಿ ಕೊಡುವ ಲೆಕ್ಕದ ಪುಟ) ತೆರೆದರೆ ದಿನಕ್ಕೆ ನೂರೈವತ್ತು ಜನ ಬಂದರು ಅಂತ ತೋರಿಸುತ್ತದೆ. ಆದರೆ ಅಲ್ಲಿಂದ ಆರ್ಡರ್ ತಿಂಗಳಿಗೆ ಎರಡೋ ಮೂರೋ. ಉಳಿದದ್ದೆಲ್ಲ ಫೋನ್, ವಾಟ್ಸ್ಯಾಪ್.

ಮಾಡಿಕೊಟ್ಟವರನ್ನು ಕೇಳಿದೆ. ಡಿಸೈನ್ ಹಳೆಯದಾಯಿತು, ಹೊಸದು ಮಾಡಿಸಿ ಅನ್ನುತ್ತಾರೆ. ಅದಕ್ಕೆ 60,000 ಆಗುತ್ತದಂತೆ. ಮಿಡಿ ಕೊಳ್ಳುವ ಹೊತ್ತಿಗೆ ಅಷ್ಟು ದುಡ್ಡು ನಮಗೆ ಕೈಯಲ್ಲಿ ಬೇಕು. ಮರ ಹತ್ತಿ ಕೊಯ್ಯುವವರಿಗೆ ಅಂದಂದೇ ಕೊಡಬೇಕು. ಹೊಸದು ಮಾಡಿಸಿದರೆ ಆರ್ಡರ್ ಬರುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ತೋಟದ ದಾರಿ

ಚಿಕ್ಕಮಗಳೂರು ಕಡೆ ಸಣ್ಣ ಹೋಮ್‌ಸ್ಟೇ ನಡೆಸುತ್ತೇನೆ. ನನ್ನ ಮಾತು ಕೇಳುವುದಾದರೆ ವೆಬ್‌ಸೈಟೇ ಬೇಡ. ಇನ್‌ಸ್ಟಾಗ್ರಾಂನಲ್ಲಿ ಮಿಡಿ ಕೊಯ್ಯುವ ವಿಡಿಯೋ ಹಾಕಿ, ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಇಡಿ. ಯುಪಿಐನಲ್ಲಿ ದುಡ್ಡು ತಗೊಳ್ಳಿ. ನಮಗೆ ಬರುವ ಅತಿಥಿಗಳಲ್ಲಿ ಮುಕ್ಕಾಲು ಜನ ಹಾಗೇ ಬರುತ್ತಾರೆ. ಜನ ಇರುವ ಕಡೆ ನಾವು ಹೋಗಬೇಕು ಅಲ್ವಾ?

ಕೋಡಿನ ಕೆಲಸದವ

ಅಕ್ಕ, 60,000 ಈಗಲೇ ಕೊಡಬೇಡಿ. ಲಿಂಕ್ ಮತ್ತು ಲಾಗ್ ಫೈಲ್ (ಸೈಟಿಗೆ ಯಾರು ಯಾವಾಗ ಬಂದರು ಅನ್ನುವ ದಾಖಲೆ) ಕಳಿಸಿದ್ದಕ್ಕೆ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಪೂರ್ತಿ ನೋಡಿದೆ. ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಆ ನೂರೈವತ್ತರಲ್ಲಿ ಬಹುಪಾಲು ಬಾಟ್‌ಗಳು. ಅಂದರೆ ಗೂಗಲ್‌ನಂಥವರು ಪುಟಗಳನ್ನು ಓದಿಕೊಂಡು ಹೋಗಲು ಬಿಟ್ಟಿರುವ ಪ್ರೋಗ್ರಾಂಗಳು. ಹೋಸ್ಟಿಂಗ್ ಪ್ಯಾನೆಲ್ ಅವನ್ನೂ ಸೇರಿಸಿ ಎಣಿಸುತ್ತದೆ. ನಿಜವಾದ ಗಿರಾಕಿಗಳು ಎಷ್ಟು ಅಂತ ಗೂಗಲ್ ಅನಲಿಟಿಕ್ಸ್‌ನಲ್ಲಿ ನೋಡೋಣ ಅಂದರೆ, ನಿಮ್ಮ ಸೈಟಿನಲ್ಲಿರುವುದು 'ಯುಎ' ಎಂದು ಶುರುವಾಗುವ ಹಳೆಯ ಕೋಡ್. ಗೂಗಲ್ ಆ ಹಳೆಯ ವ್ಯವಸ್ಥೆಯನ್ನು 2023ರ ಜುಲೈ 1ಕ್ಕೆ ನಿಲ್ಲಿಸಿತು. ಅಲ್ಲಿಂದ ಇಲ್ಲಿವರೆಗೆ ನಿಮ್ಮ ಅಂಗಡಿಗೆ ಯಾರು ಬಂದರು, ಎಲ್ಲಿವರೆಗೆ ಬಂದು ವಾಪಸ್ ಹೋದರು, ಒಂದೂ ದಾಖಲಾಗಿಲ್ಲ. ಹೊಸ ಕೋಡ್ ಹಾಕಲು ಅರ್ಧ ಗಂಟೆ ಸಾಕು. ದುಡ್ಡೇನೂ ಇಲ್ಲ.

ಇನ್ನು ಪುಟದ ತೂಕ. ಮೇಲೆ ಸರಿಯುವ ಫೋಟೋಗಳು ಒಂದೊಂದೂ 4 ಎಂಬಿ ಮೇಲಿವೆ. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಏರಿಸಿದ್ದಾರೆ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ತೆರೆದೆ. ಮೊದಲ ಫೋಟೋ ಪೂರ್ತಿ ಕಾಣಲು 11 ಸೆಕೆಂಡ್ ಹಿಡಿಯಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಅವರದ್ದೇ ಉಚಿತ ಸಾಧನ ಇದೆ. ನಿಮ್ಮ ವಿಳಾಸ ಹಾಕಿದರೆ ಎಲ್ಲೆಲ್ಲಿ ತಡವಾಗುತ್ತಿದೆ ಅಂತ ತೋರಿಸುತ್ತದೆ. ಐದರಲ್ಲಿ ಒಂದೇ ಫೋಟೋ ಉಳಿಸಿ. ಅದನ್ನು ವೆಬ್‌ಪಿ ಅನ್ನುವ ಹಗುರ ಫೋಟೋ ರೂಪಕ್ಕೆ ಬದಲಿಸಿ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ. ಸುಮಾರು 150 ಕೆಬಿಗೆ ಬಂದು ನಿಲ್ಲುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನಗೆ ನಿಜವಾಗಿ ಬೇಸರವಾದದ್ದು ಮುಂದಿನ ಭಾಗ. ಫೋನಿನಲ್ಲಿ ಮೊದಲು ಕಾಣುವುದು 'ಮಲೆನಾಡಿನ ಸವಿ, ಪರಂಪರೆಯ ಸೊಗಡು' ಅನ್ನುವ ಸಾಲು. ಅದರ ಕೆಳಗೆ ಧ್ಯೇಯ. ಅದರ ಕೆಳಗೆ ಮತ್ತೆ ಫೋಟೋ. ಇದು ಉಪ್ಪಿನಕಾಯಿ ಅಂಗಡಿ, ಇಷ್ಟು ಬೆಲೆ ಅಂತ ಗೊತ್ತಾಗಲು ನಾಲ್ಕು ಸಲ ಕೆಳಗೆ ಸರಿಸಬೇಕು. ಫೋನ್ ನಂಬರ್ ಫೋಟೋದೊಳಗೆ ಬರೆದಿದೆ, ಒತ್ತಿದರೆ ಕರೆ ಹೋಗುವುದಿಲ್ಲ. 'ಸಂಪರ್ಕಿಸಿ' ಪುಟದಲ್ಲಿ ಎಂಟು ಖಾನೆಗಳ ಫಾರಂ. ಅದರಲ್ಲಿ 'ಕಂಪನಿಯ ಹೆಸರು' ಕಡ್ಡಾಯ. ಮನೆಗೆ ಒಂದು ಬಾಟಲಿ ಮಿಡಿ ಬೇಕಾದವರು ಅಲ್ಲಿ ಏನು ಬರೆಯಬೇಕು?

ಕೊನೆಯದು: ನಾನೇ ಒಂದು ಬಾಟಲಿ ಕೊಳ್ಳಲು ಹೋದೆ. ಪುಟದಲ್ಲಿ 320 ರೂಪಾಯಿ ಇತ್ತು. ವಿಳಾಸ, ಪಿನ್‌ಕೋಡ್ ಎಲ್ಲಾ ತುಂಬಿದ ಮೇಲೆ ಅದು 430 ಆಯಿತು. ಸಾಗಣೆ ಖರ್ಚು ಇರುವುದು ಸರಿ, ಇರಲೇಬೇಕು. ಆದರೆ ಅದನ್ನು ಮೊದಲೇ ಹೇಳದಿದ್ದರೆ ಗಿರಾಕಿಗೆ ಮೋಸ ಹೋದಂತೆ ಅನ್ನಿಸುತ್ತದೆ. ನೀವು ಮೋಸ ಮಾಡುವವರಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಗೊಂಬೆ ಕೆಲಸ

ಚನ್ನಪಟ್ಟಣದಿಂದ ಬರೆಯುತ್ತಿದ್ದೇನೆ. ಮರದ ಗೊಂಬೆ ಮಾಡುವ ಮನೆ ನಮ್ಮದು. ನಿಮ್ಮ ಪೋಸ್ಟ್ ಓದಿದಾಗ ನಾಲ್ಕು ವರ್ಷದ ಹಿಂದಿನ ನಮ್ಮ ಪರಿಸ್ಥಿತಿಯೇ ಕಣ್ಣ ಮುಂದೆ ಬಂತು.

ನಾವೂ ಮೊದಲು ಹಾಗೇ ಮಾಡಿದ್ದೆವು. ಟಿಪ್ಪು ಕಾಲದಿಂದ ಬಂದ ಕಲೆ, ಭೌಗೋಳಿಕ ಸೂಚಕ ಸಿಕ್ಕಿದೆ, ಆಲೆಮರ, ಅರಗು, ಎಲ್ಲವನ್ನೂ ಮುಖಪುಟದಲ್ಲೇ ತುಂಬಿದ್ದೆವು. ಎಲ್ಲಾ ನಿಜವೇ. ನಮಗೆ ಅದರ ಬಗ್ಗೆ ಹೆಮ್ಮೆಯೂ ಇದೆ. ಆದರೆ ಕೊಳ್ಳಲು ಬಂದ ತಾಯಿಗೆ ಆ ಹೊತ್ತಿಗೆ ಬೇಕಾದದ್ದು ಬೇರೆ.

ಅದು ನಮಗೆ ಗೊತ್ತಾದದ್ದು ಒಂದು ನೋಟ್‌ಬುಕ್ಕಿನಿಂದ. ನನ್ನ ತಂಗಿ ಅಂಗಡಿಯಲ್ಲಿ ಫೋನ್ ಎತ್ತುತ್ತಾಳೆ. ಒಂದು ತಿಂಗಳು, ಫೋನ್ ಮಾಡಿದವರು ಏನು ಕೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆದಿಟ್ಟಳು. ಅತಿ ಹೆಚ್ಚು ಬಂದ ಪ್ರಶ್ನೆ: 'ಮಗು ಬಾಯಿಗೆ ಹಾಕಿಕೊಂಡರೆ ಬಣ್ಣ ಬಿಡುತ್ತದಾ?' ಎರಡನೆಯದು: 'ಒಂದು ವರ್ಷದ ಮಗುವಿಗೆ ಯಾವುದು ಕೊಡಬಹುದು?' ಈ ಎರಡಕ್ಕೂ ನಮ್ಮ ಸೈಟಿನಲ್ಲಿ ಉತ್ತರವೇ ಇರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟೇ. ಗೊಂಬೆಗಳನ್ನು ಮಗುವಿನ ವಯಸ್ಸಿನ ಪ್ರಕಾರ ಜೋಡಿಸಿದೆವು. ಪ್ರತಿ ಗೊಂಬೆಯ ಪಕ್ಕದಲ್ಲೇ ಯಾವ ಬಣ್ಣ, ಹೇಗೆ ಹಚ್ಚಿದ್ದು, ಸಣ್ಣ ಭಾಗ ಕಳಚಿ ಬರುತ್ತದಾ ಇಲ್ಲವಾ ಅಂತ ಬರೆದೆವು. ಕಲೆಯ ಕತೆಯನ್ನು ತೆಗೆಯಲಿಲ್ಲ. ಅದಕ್ಕೇ ಬೇರೆ ಪುಟ ಇದೆ, ಓದುವವರು ಖುಷಿಯಿಂದ ಓದುತ್ತಾರೆ.

ಅಕ್ಕ, ನೀವು ಡಿಸೈನ್ ಮಾಡುವವರ ಹತ್ತಿರ ಹೋಗುವ ಮೊದಲು ಆ ನೋಟ್‌ಬುಕ್ ಇಡಿ. ನಿಮ್ಮ ವೆಬ್‌ಸೈಟಿನ ನಕ್ಷೆ ನಿಮ್ಮ ಫೋನಿನಲ್ಲೇ ಇದೆ. ಜನ ಏನು ಕೇಳುತ್ತಾರೋ, ಯಾವ ಕ್ರಮದಲ್ಲಿ ಕೇಳುತ್ತಾರೋ, ಅದೇ ಕ್ರಮದಲ್ಲಿ ಪುಟ ಇರಬೇಕು.

ತೋಟದ ದಾರಿ

ಗೊಂಬೆಯವರ ಮಾತು ಒಪ್ಪುತ್ತೇನೆ. ಆದರೆ ಫೋನಿನಲ್ಲೇ ಉತ್ತರ ಕೊಟ್ಟು ಮಾರಾಟ ಆಗುತ್ತಿದೆಯಲ್ಲ, ಮತ್ತೆ ಸೈಟ್ ಏಕೆ? ಆ ಖರ್ಚು ಉಳಿಯುತ್ತದೆ.

ಗೊಂಬೆ ಕೆಲಸ

ಎರಡು ಕಾರಣ ಸರ್. ಮೊದಲನೆಯದು, ಒಂದು ಸಾಮಾಜಿಕ ಜಾಲತಾಣದಲ್ಲಿ ನಮ್ಮ ಪೇಜ್ ದಸರಾ ಹೊತ್ತಿಗೆ ಸರಿಯಾಗಿ ಹನ್ನೊಂದು ದಿನ ಬಂದ್ ಆಗಿತ್ತು. ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ. ಬೊಂಬೆ ಕೂರಿಸುವ ಸಮಯ, ವರ್ಷದ ಮುಖ್ಯ ವ್ಯಾಪಾರ ಅದು. ನಮ್ಮ ಹೆಸರಿನ ಸೈಟ್ ಇದ್ದದ್ದರಿಂದ ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಬಾಡಿಗೆ ಜಾಗದಲ್ಲಿ ಎಷ್ಟು ಚೆನ್ನಾಗಿ ಅಂಗಡಿ ಹಾಕಿದರೂ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುತ್ತದೆ.

ಎರಡನೆಯದು, ರಾತ್ರಿ ಹತ್ತೂವರೆಗೆ ಮಗು ಮಲಗಿಸಿ ಫೋನ್ ಹಿಡಿಯುವ ತಾಯಂದಿರು ಜಾಸ್ತಿ. ಆ ಹೊತ್ತಿಗೆ ನನ್ನ ತಂಗಿ ಫೋನ್ ಎತ್ತುವುದಿಲ್ಲ. ಎತ್ತಲೂ ಬಾರದು.

ಊಟದ ಎಲೆ

ನಾನು ಕೊಳ್ಳುವವಳು, ಮಾರುವವಳಲ್ಲ. ಮೈಸೂರಿನಲ್ಲಿದ್ದೇನೆ, ತವರು ಸಾಗರ. ಪ್ರತಿ ವರ್ಷ ಮಿಡಿ ತರಿಸುತ್ತೇನೆ. ಗಿರಾಕಿಯಾಗಿ ನನಗೆ ಬೇಕಾದದ್ದು ಹೇಳಲಾ?

ಮಿಡಿ ಈ ವರ್ಷದ್ದಾ ಹೋದ ವರ್ಷದ್ದಾ. ಯಾವ ಜಾತಿ. ಜೀರಿಗೆ ಮಿಡಿಯ ವಾಸನೆ ಗೊತ್ತಿರುವವರಿಗೆ ಬೇರೆ ಮಿಡಿ ಕೊಟ್ಟರೆ ತಕ್ಷಣ ತಿಳಿಯುತ್ತದೆ. ಅನಂತಭಟ್ಟನ ಅಪ್ಪೆ ಅಂದರೆ ಅದಕ್ಕೇ ಕಾಯುವವರಿದ್ದಾರೆ. ಸೊನೆ ಚೆನ್ನಾಗಿತ್ತಾ. ತೊಟ್ಟು ಇಟ್ಟು ಕೊಯ್ದದ್ದಾ, ಉದುರಿದ್ದನ್ನು ಆರಿಸಿದ್ದಾ. ವಿನಿಗರ್ ಹಾಕಿದ್ದೀರಾ. ಬಾಟಲಿ ಗಾಜಿನದ್ದಾ.

ಇದೆಲ್ಲಾ 'ಅಪ್ಪಟ ಮನೆರುಚಿ' ಅನ್ನುವ ಎರಡು ಪದದಿಂದ ಗೊತ್ತಾಗುವುದಿಲ್ಲ. ಆ ಪದ ಎಲ್ಲರೂ ಹಾಕುತ್ತಾರೆ. ಭರಣಿಯಲ್ಲಿ ಉಪ್ಪುನೀರಿನಲ್ಲಿ ಮುಳುಗಿರುವ ಮಿಡಿಯ ಒಂದು ಫೋಟೋ, ಕೊಯ್ದ ತಿಂಗಳು, ಊರು. ಇಷ್ಟು ಇದ್ದರೆ ನಾನು ಮುಂದೆ ಏನೂ ಕೇಳದೆ ಎರಡು ಬಾಟಲಿ ಹೇಳುತ್ತೇನೆ.

ಇನ್ನೊಂದು. ಅಂಗಡಿಯಿಂದ ತಂದ ಬೆಳ್ಳಿ ಬಟ್ಟಲಿನಲ್ಲಿ ಇಟ್ಟು ತೆಗೆದ ಫೋಟೋ ನನಗೆ ನಂಬಿಕೆ ಹುಟ್ಟಿಸುವುದಿಲ್ಲ. ನಿಮ್ಮ ಅತ್ತೆಯ ಕೈ ಕಂಡರೆ ನಂಬುತ್ತೇನೆ.

ಶಿರಸಿ ಕಡೆಯವಳು

ಊಟದ ಎಲೆ ಅವರೇ, ನೀವು ಕೇಳಿದ ಒಂದೊಂದಕ್ಕೂ ಅತ್ತೆ ಅಡುಗೆಮನೆಯಿಂದಲೇ ಉತ್ತರ ಹೇಳಿದರು. ನಮ್ಮಲ್ಲಿ ಉತ್ತರ ಇತ್ತು, ಬರೆದಿರಲಿಲ್ಲ ಅಷ್ಟೇ. ಇವತ್ತಿನಿಂದ ನೋಟ್‌ಬುಕ್ ಶುರು ಮಾಡಿದ್ದೇನೆ. ಮೂರು ವಾರ ಬರೆದು ಬಂದು ಹೇಳುತ್ತೇನೆ.

ಅಷ್ಟರಲ್ಲಿ ಒಂದು ಪ್ರಶ್ನೆ. ನಮ್ಮ ಸೈಟ್ ಪೂರ್ತಿ ಇಂಗ್ಲಿಷಿನಲ್ಲಿದೆ. ಮೂಲೆಯಲ್ಲಿ 'ಕನ್ನಡ' ಅಂತ ಒತ್ತಿದರೆ ಅದೇ ಅನುವಾದ ಮಾಡಿಕೊಳ್ಳುತ್ತದೆ. ಕನ್ನಡದಲ್ಲಿ ಬೇರೆಯಾಗಿ ಬರೆಯಬೇಕಾ?

ಅಚ್ಚಿನ ಮನೆ

ಬರೆಯಲೇಬೇಕು. ಧಾರವಾಡದಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಅಕ್ಷರ ಜೋಡಣೆ ಮಾಡಿಕೊಂಡು ಬಂದವನು ನಾನು. ಈ ವಿಷಯ ಬಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

ತಾನೇ ಅನುವಾದ ಮಾಡುವ ಗುಂಡಿಯನ್ನು ಮೊದಲು ತೆಗೆಸಿ. ನಿಮ್ಮ ಸೈಟಿನಲ್ಲಿ ಮುಖಪುಟಕ್ಕೆ 'ಮನೆ' ಅಂತ ಬಂದಿದೆ, ನೋಡಿದೆ. ಓದುವವರಿಗೆ ಇವರು ನಮ್ಮವರಲ್ಲ ಅನ್ನಿಸಿಬಿಡುತ್ತದೆ. ನಿಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಊರು ಬಿಟ್ಟು ಬಂದ ಮಲೆನಾಡಿನವರು ಅಂತ ಅಂದುಕೊಳ್ಳುತ್ತೇನೆ. ಅವರ ಜೊತೆ ಫೋನಿನಲ್ಲಿ ಮಾತಾಡುವ ಕನ್ನಡವನ್ನೇ ಬರೆಯಿರಿ.

ಈಗ ತಾಂತ್ರಿಕ ಮಾತು. ಬರೆಯುವುದು ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಎಲ್ಲಾ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತದಲ್ಲಿ. 'ನುಡಿ', 'ಬರಹ' ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಹಾಕಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದಕ್ಕೆ ಹೆದರಿ ಎಷ್ಟೋ ಜನ ಕನ್ನಡ ಬರಹವನ್ನು ಫೋಟೋ ಮಾಡಿ ಹಾಕುತ್ತಾರೆ. ಆಗ ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ, ನಕಲು ಮಾಡಲಾಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಧನಕ್ಕೂ ದಕ್ಕುವುದಿಲ್ಲ.

ಸಾಲುಗಳ ನಡುವಿನ ಜಾಗ ಹೆಚ್ಚಿಸಿ. ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ಕನ್ನಡ ಕೂರುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. 'ಉತ್ಕೃಷ್ಟ' ಅಂತ ಬರೆದರೆ ಕೆಳಗಿನ ಸಾಲಿಗೆ ತಗಲುತ್ತದೆ. ಅಕ್ಷರದ ಅಳತೆಯ 1.6 ರಿಂದ 1.8 ಪಟ್ಟು ಜಾಗ ಕೊಡಿ. ಗುಂಡಿಗಳ ಎತ್ತರವನ್ನೂ ಹಾಗೇ ನೋಡಿ. ಎಷ್ಟೋ ಸೈಟಿನಲ್ಲಿ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಶೈಲಿ ಇಂಗ್ಲಿಷ್ ತಲೆಬರಹಕ್ಕೆ ಒಪ್ಪುತ್ತದೆ, ಕನ್ನಡಕ್ಕೆ ಹಾಕಬೇಡಿ.

ಫಾಂಟ್ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಕನ್ನಡ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಇರುತ್ತದೆ. ಪುಟದ ಒಳಗಿನ ಬರಹಕ್ಕೆ ಅವೇ ಸಾಕು. ತಲೆಬರಹಕ್ಕೆ ಬೇಕಾದರೆ 'ಬಾಲೂ ತಮ್ಮ' ಅನ್ನುವಂಥ ಒಂದು ಉಚಿತ ಫಾಂಟ್ ಹಾಕಿ. ನಾಲ್ಕೈದು ಕನ್ನಡ ಫಾಂಟ್ ಹಾಕಿದರೆ ಪುಟ ಮತ್ತೆ ಭಾರ.

ಹುಡುಕುವವರ ಬಗ್ಗೆಯೂ ಯೋಚಿಸಿ. ಒಬ್ಬರು 'ಅಪ್ಪೆಮಿಡಿ' ಅನ್ನುತ್ತಾರೆ, ಒಬ್ಬರು 'ಮಾವಿನ ಮಿಡಿ', ಇನ್ನೊಬ್ಬರು 'ಮಿಡಿ ಉಪ್ಪಿನಕಾಯಿ'. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಐದಾರು ರೀತಿ ಬರೆಯುತ್ತಾರೆ. ಈ ಹೆಸರುಗಳೆಲ್ಲ ಪುಟದ ವಾಕ್ಯಗಳಲ್ಲಿ ಸಹಜವಾಗಿ ಬರಲಿ. ಕನ್ನಡ ಪುಟಕ್ಕೂ ಇಂಗ್ಲಿಷ್ ಪುಟಕ್ಕೂ ಬೇರೆ ಬೇರೆ ವಿಳಾಸ ಇರಲಿ. ಎರಡೂ ಒಂದೇ ವಿಷಯದ ಎರಡು ಭಾಷೆ ಅಂತ ಗೂಗಲ್‌ಗೆ ತಿಳಿಸುವ ಗುರುತನ್ನು ಕೋಡಿನಲ್ಲಿ ಹಾಕಿಸಿ.

ಲೆಕ್ಕದ ಪುಸ್ತಕ

ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವವನು ನಾನು. ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಇದು ಕಾನೂನಿನ ಜೊತೆಗೆ ನಂಬಿಕೆಯ ವಿಷಯವೂ ಹೌದು.

ಆನ್‌ಲೈನ್‌ನಲ್ಲಿ ಮಾರುವವರಿಗೆ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರಿಂದ ಇವೆ. ವ್ಯಾಪಾರದ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವ ಅಧಿಕಾರಿಯ ಹೆಸರು ಸೈಟಿನಲ್ಲಿ ಎದ್ದು ಕಾಣಬೇಕು. ನಿಮ್ಮ ಮನೆಯಲ್ಲಿ ಆ ಅಧಿಕಾರಿ ನೀವೇ ಆಗಿರಬಹುದು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರನ್ನು ಬಾಟಲಿಯ ಮೇಲೆ ಹಾಕಿದ್ದೀರಿ, ಸೈಟಿನಲ್ಲೂ ಹಾಕಿ. ನಿವ್ವಳ ತೂಕ, ಎಂಆರ್‌ಪಿ ಕೂಡ. ಅಡಿಕೆ ಸೀಸನ್‌ನಲ್ಲಿ ಕೆಲಸ ಜಾಸ್ತಿ, ಕಳಿಸುವುದು ತಡವಾಗುತ್ತದೆ ಅಂತಿದ್ದರೆ ಅದನ್ನೂ ಬರೆಯಿರಿ.

ಆಮೇಲೆ, ನಿಮ್ಮ ಸೈಟಿನಲ್ಲಿ 'ಇನ್ನು ಕೇವಲ 3 ಬಾಟಲಿ ಉಳಿದಿವೆ' ಅಂತ ಕೆಂಪಿನಲ್ಲಿ ಮಿನುಗುತ್ತಿದೆ. ಎರಡು ದಿನ ಬಿಟ್ಟು ನೋಡಿದರೂ ಮೂರೇ. 2023ರ ನವೆಂಬರ್ 30ರಂದು ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಇದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಖರ್ಚು ಸೇರಿಸುವುದೂ ಇನ್ನೊಂದು.

ಶಿರಸಿ ಕಡೆಯವಳು

ದೇವರಾಣೆ, ಆ ಕೆಂಪು ಸಾಲು ಇರುವುದು ನನಗೆ ಗೊತ್ತೇ ಇರಲಿಲ್ಲ. ಟೆಂಪ್ಲೇಟಿನ ಜೊತೆಗೆ ಬಂದಿದೆ ಅಂತ ಮಾಡಿಕೊಟ್ಟವರು ಹೇಳಿದರು. ಇವತ್ತೇ ತೆಗೆಸಿದೆ. ಅತ್ತೆಗೆ ಓದಿ ಹೇಳಿದಾಗ ತುಂಬಾ ನೊಂದುಕೊಂಡರು. ಎಂಟು ವರ್ಷದಲ್ಲಿ ಒಬ್ಬರಿಗೂ ಸುಳ್ಳು ಹೇಳಿ ಮಾರಿದವರಲ್ಲ ಅವರು.

ಶಿರಸಿ ಕಡೆಯವಳು (ಮೂರು ವಾರದ ನಂತರ)

ನೋಟ್‌ಬುಕ್ ಮುಗಿಯಿತು. ಒಟ್ಟು 94 ಫೋನ್ ಮತ್ತು ಮೆಸೇಜ್.

ಎಷ್ಟು ದಿನಕ್ಕೆ ತಲುಪುತ್ತದೆ, ದಾರಿಯಲ್ಲಿ ಒಡೆದರೆ ಏನು ಮಾಡುತ್ತೀರಿ ಅಂತ ಕೇಳಿದವರು 17. ಸಣ್ಣ ಬಾಟಲಿ ಇದೆಯಾ ಅಂತ 12. ವಿನಿಗರ್, ಕೆಡದಂತೆ ಹಾಕುವ ಪುಡಿ ಇದೆಯಾ ಅಂತ 9. ಈ ವರ್ಷದ ಮಿಡಿಯಾ ಅಂತ 8. ಬೇರೆ ಊರಿನಲ್ಲಿರುವ ಮಗಳಿಗೋ ಅಕ್ಕನಿಗೋ ನೇರ ಕಳಿಸಿ ಅಂದವರು 7.

ಉಳಿದ 41 ಜನ ಏನೂ ಕೇಳಲೇ ಇಲ್ಲ. 'ಹೋದ ಸಲದ್ದೇ ಕಳಿಸಿ, ದುಡ್ಡು ಹಾಕುತ್ತೇನೆ' ಅಂದರು. ಅಷ್ಟೇ ಮಾತು. ಆದರೆ ಆ ಅಷ್ಟೇ ಮಾತಿನ ಹಿಂದೆ ನನ್ನ ಅರ್ಧ ದಿನ ಹೋಗುತ್ತದೆ. ಅವರ ಹಳೆಯ ವಿಳಾಸ ವಾಟ್ಸ್ಯಾಪ್‌ನಲ್ಲಿ ಹುಡುಕಬೇಕು, ಬೆಲೆ ಹೇಳಬೇಕು, ದುಡ್ಡು ಬಂತಾ ನೋಡಬೇಕು, ಪಾರ್ಸೆಲ್ ನಂಬರ್ ಕಳಿಸಬೇಕು.

ನಾನು ಇಷ್ಟು ದಿನ ಹೊಸಬರು ಯಾಕೆ ಬರುತ್ತಿಲ್ಲ ಅಂತ ಕೊರಗುತ್ತಿದ್ದೆ. ಲೆಕ್ಕ ನೋಡಿದರೆ ನಮ್ಮ ವ್ಯಾಪಾರ ನಿಂತಿರುವುದು ಹಳಬರ ಮೇಲೆ. ಅವರಿಗೆ ನಮ್ಮ ಸೈಟಿನಲ್ಲಿ ಏನೂ ಇಲ್ಲ. ಇದನ್ನು ಅತ್ತೆಗೆ ಹೇಳಿದೆ. ಅವರು ಅಂದದ್ದು ಹೀಗೆ: 'ಹಳಬರಿಗೆ ಅಂಗಡಿ ತೋರಿಸುವುದು ಬೇಡ. ಬಾಟಲಿ ತಳ ಕಂಡಾಗ ನಮ್ಮ ನೆನಪಾದರೆ ಸಾಕು.'

ಕೋಡಿನ ಕೆಲಸದವ

ಅತ್ತೆಯವರ ಮಾತನ್ನೇ ಇಟ್ಟುಕೊಂಡು ಕೆಲಸ ಮಾಡೋಣ. ಬಾಟಲಿ ತಳ ಕಂಡಾಗ ಅವರ ಕೈಯಲ್ಲಿ ಇರುವುದು ಆ ಬಾಟಲಿಯೇ. ಹಾಗಾದರೆ ಸೈಟಿನ ಬಾಗಿಲು ಬಾಟಲಿಯ ಮೇಲೇ ಇರಬೇಕು. ಲೇಬಲ್‌ನಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ. ಅದು ಮುಖಪುಟಕ್ಕೆ ಹೋಗಬಾರದು. ನೇರವಾಗಿ 'ಮತ್ತೆ ತರಿಸಿ' ಅನ್ನುವ ಪುಟ ತೆರೆಯಬೇಕು. ಆ ಪುಟದಲ್ಲಿ ಬಾಟಲಿ ಅಳತೆ, ಎಷ್ಟು ಬೇಕು, ಸಾಗಣೆ ಸೇರಿ ಒಟ್ಟು ಎಷ್ಟು, ಕೆಳಗೆ ಹೆಬ್ಬೆರಳಿಗೆ ಎಟಕುವ ಒಂದೇ ಗುಂಡಿ. ಒತ್ತಿದರೆ ವಾಟ್ಸ್ಯಾಪ್ ತೆರೆದು, ಮೆಸೇಜ್ ಮೊದಲೇ ಬರೆದು ಸಿದ್ಧ ಇರುತ್ತದೆ. ಅವರು ಕಳಿಸಿದರೆ ಸಾಕು. ನಿಮಗೂ ಹುಡುಕುವ ಕೆಲಸ ತಪ್ಪುತ್ತದೆ.

ಹೊಸಬರಿಗೆ ಮುಖಪುಟ. ಮೊದಲ ಪರದೆಯಲ್ಲಿ ಭರಣಿಯ ಫೋಟೋ, ಮಿಡಿ ಕೊಯ್ದ ತಿಂಗಳು, ಸಾಗಣೆ ಸೇರಿದ ಬೆಲೆ, ಎಷ್ಟು ದಿನಕ್ಕೆ ತಲುಪುತ್ತದೆ, ಒಡೆದರೆ ಬೇರೆ ಕಳಿಸುತ್ತೇವೆ ಅನ್ನುವ ಮಾತು. ನಿಮ್ಮ 17, 12, 9, 8ರ ಕ್ರಮದಲ್ಲೇ ಕೆಳಗೆ ಹೋಗಲಿ. 'ಧ್ಯೇಯ' ಬಿಟ್ಟುಬಿಡಿ.

ಒಂದು ವಿಷಯ ಮರೆಯಬೇಡಿ. ಪ್ರತಿ ಲಿಂಕಿಗೂ ಬೇರೆ ಬೇರೆ ಬಾಲ ಕಟ್ಟೋಣ. ಯುಟಿಎಂ ಅಂತ ಕರೆಯುತ್ತಾರೆ. ಬಾಟಲಿಯಿಂದ ಬಂದವರು, ಇನ್‌ಸ್ಟಾಗ್ರಾಂನಿಂದ ಬಂದವರು, ಗೂಗಲ್ ಮ್ಯಾಪ್‌ನಲ್ಲಿರುವ ನಿಮ್ಮ ವಿವರದಿಂದ ಬಂದವರು, ಹೀಗೆ ಅನಲಿಟಿಕ್ಸ್‌ನಲ್ಲಿ ಬೇರೆ ಬೇರೆ ಕಾಣುತ್ತಾರೆ. ವಾಟ್ಸ್ಯಾಪ್ ಗುಂಡಿ ಒತ್ತಿದ್ದನ್ನೂ ಎಣಿಸುವಂತೆ ಮಾಡಬೇಕು. ಇಲ್ಲದಿದ್ದರೆ ಮತ್ತೆ ಕುರುಡು ಲೆಕ್ಕವೇ.

ಈಗಿನ ಸೈಟಿನಲ್ಲೇ ಇದೆಲ್ಲ ಆಗುತ್ತದೆ. ನಮ್ಮ ಕಡೆಯ ಹುಡುಗಿಯೊಬ್ಬಳು ಇಂಥ ಕೆಲಸ ಮಾಡುತ್ತಾಳೆ, 8,000 ಆಗುತ್ತದೆ ಅಂದಿದ್ದಾಳೆ. ಮುಗಿದ ಮೇಲೆ ಸೈಟ್ ನೋಡದ ಐದು ಜನರ ಕೈಗೆ ಫೋನ್ ಕೊಟ್ಟು 'ಒಂದು ಬಾಟಲಿ ತರಿಸಿ' ಅನ್ನಿ. ಪಕ್ಕದಲ್ಲಿ ಕೂತು ನೋಡಿ, ಏನೂ ಹೇಳಿಕೊಡಬೇಡಿ. ಅವರು ಎಲ್ಲಿ ನಿಂತು ಯೋಚಿಸುತ್ತಾರೋ ಅಲ್ಲಿ ನಮ್ಮ ತಪ್ಪಿರುತ್ತದೆ.

ಗೊಂಬೆ ಕೆಲಸ

ಇನ್ನೊಂದು ಪುಟ ಬೇಕು ಅಕ್ಕ. ನಿಮ್ಮದು ಸೀಸನ್ ವ್ಯಾಪಾರ. ಮಾವು ಎಲ್ಲಾ ವರ್ಷ ಒಂದೇ ಸಮ ಬಿಡುವುದಿಲ್ಲ. ಖಾಲಿಯಾದಾಗ ಸೈಟಿನಲ್ಲಿ 'ಸ್ಟಾಕ್ ಇಲ್ಲ' ಅಂತ ಮಾತ್ರ ಇದ್ದರೆ ಬಂದವರು ಹಾಗೇ ಹೋಗುತ್ತಾರೆ. 'ಈ ವರ್ಷದ್ದು ಮುಗಿಯಿತು. ಮುಂದಿನ ಮಿಡಿ ಬಂದಾಗ ಮೊದಲು ನಿಮಗೆ ತಿಳಿಸಲಾ?' ಅಂತ ಕೇಳಿ. ಹೆಸರು, ನಂಬರ್, ಎಷ್ಟು ಬಾಟಲಿ. ಅಷ್ಟೇ ಸಾಕು. ಆ ನಂಬರನ್ನು ಅದಕ್ಕೊಂದಕ್ಕೇ ಬಳಸುತ್ತೇವೆ ಅಂತ ಬರೆಯಿರಿ, ಹಾಗೇ ನಡೆದುಕೊಳ್ಳಿ. ಮರ ಹತ್ತಿಸುವ ಮೊದಲೇ ಎಷ್ಟು ಬೇಡಿಕೆ ಇದೆ ಅಂತ ನಿಮಗೆ ಗೊತ್ತಿರುತ್ತದೆ. ಎಷ್ಟು ಮಿಡಿ ಕೊಳ್ಳಬೇಕು ಅಂತ ಲೆಕ್ಕ ಹಾಕಬಹುದು.

ತೋಟದ ದಾರಿ

ಇದನ್ನೆಲ್ಲ ಓದಿ ನಾನೂ ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ವಾರದಲ್ಲೇ ಒಂದು ಗೊತ್ತಾಯಿತು. ಅತಿಥಿಗಳು ಅತಿ ಹೆಚ್ಚು ಕೇಳುವುದು ಕೊನೆಯ ಮೂರು ಕಿಲೋಮೀಟರ್ ರಸ್ತೆಯಲ್ಲಿ ಸಣ್ಣ ಕಾರು ಬರುತ್ತದಾ ಅಂತ. ನಾನು ಇದುವರೆಗೆ ಹಾಕಿದ ನೂರಾರು ವಿಡಿಯೋದಲ್ಲಿ ಆ ರಸ್ತೆಯದ್ದು ಒಂದೂ ಇಲ್ಲ. ವೆಬ್‌ಸೈಟ್ ಬೇಡ ಅಂದಿದ್ದ ಮಾತನ್ನು ಹಿಂದಕ್ಕೆ ತಗೊಳ್ಳುತ್ತೇನೆ. ಆ ಹುಡುಗಿಯ ನಂಬರ್ ನನಗೂ ಕೊಡಿ.

ಶಿರಸಿ ಕಡೆಯವಳು (ಎರಡು ತಿಂಗಳ ನಂತರ)

ಬಂದು ಹೇಳುತ್ತೇನೆ ಅಂದಿದ್ದೆ. ತಡವಾಯಿತು, ಕ್ಷಮಿಸಿ.

ಹೋದ ತಿಂಗಳು ಸೈಟ್ ಮೂಲಕ 27 ಆರ್ಡರ್ ಬಂತು. ಅದರಲ್ಲಿ 16 ಬಾಟಲಿಯ ಕೋಡಿನಿಂದ ಬಂದವು. ಹೊಸಬರು 8. ಹೊಸಬರಲ್ಲಿ ಐದು ಜನ 'ಒಡೆದರೆ ಬೇರೆ ಕಳಿಸುತ್ತೇವೆ' ಅನ್ನುವುದನ್ನು ಓದಿಯೇ ಧೈರ್ಯ ಮಾಡಿದೆವು ಅಂತ ಹೇಳಿದರು. ನಿಜವಾಗಿ ಒಡೆದದ್ದು ಒಂದೇ. ಬೇರೆ ಕಳಿಸಿದೆವು.

200 ಗ್ರಾಂ ಸಣ್ಣ ಬಾಟಲಿ ಶುರು ಮಾಡಿದ್ದೇವೆ. ಆ 12 ಜನರಿಗೆ ನಾನೇ ಫೋನ್ ಮಾಡಿ ಹೇಳಿದೆ. ಒಂಬತ್ತು ಜನ ತಗೊಂಡರು. ಫೋಟೋದಲ್ಲಿ ಅತ್ತೆಯ ಕೈ ಇದೆ. ಮೊದಲು ಒಪ್ಪಲಿಲ್ಲ, ಬಳೆ ಹಾಕಿಕೊಂಡು ಬಂದು ಕೂತರು. ಕನ್ನಡದ ಪುಟ ನಾನೇ ಬರೆದೆ. ಅಚ್ಚಿನ ಮನೆಯವರು ತಿದ್ದಿಕೊಟ್ಟರು, ಅವರಿಗೆ ತುಂಬಾ ಥ್ಯಾಂಕ್ಸ್. ಈ ವರ್ಷ ಮಿಡಿ ಕಡಿಮೆ, ದೀಪಾವಳಿಗೆ ಮೊದಲೇ ಖಾಲಿಯಾಗುತ್ತದೆ. ಮುಂದಿನ ವರ್ಷಕ್ಕೆ ಹೆಸರು ಬರೆಸುವ ಪುಟ ಈಗಲೇ ಸಿದ್ಧ ಇದೆ.

ಒಂದು ತೊಂದರೆ ಉಳಿದಿದೆ. ಚಮಚ ತೆಗೆದು ಇಟ್ಟು ಮಾಡುವಾಗ ರಸ ಸೋರಿ ಲೇಬಲ್ ಒದ್ದೆಯಾಗುತ್ತದೆ. ಬಾಟಲಿ ಖಾಲಿಯಾಗುವ ಹೊತ್ತಿಗೆ ಕ್ಯೂಆರ್ ಕೋಡ್ ಅಳಿಸಿರುತ್ತದೆ. ಮೂರು ಜನ ಹೇಳಿದರು. ಸರಿಯಾಗಿ ಬೇಕಾದ ಹೊತ್ತಿಗೇ ಇರುವುದಿಲ್ಲ. ಲೇಬಲ್ ಕಾಗದ ಬದಲಿಸಬೇಕಾ?

ಊಟದ ಎಲೆ

ಕಾಗದ ಬದಲಿಸುವ ಮೊದಲು ಜಾಗ ಬದಲಿಸಿ ನೋಡಿ. ನಮ್ಮ ಮನೆಯ ಬಾಟಲಿ ನೋಡಿದೆ. ಪಕ್ಕ ಎಲ್ಲಾ ರಸ, ಮುಚ್ಚಳದ ಮೇಲೆ ಮಾತ್ರ ಶುಭ್ರವಾಗಿದೆ.

ಶಿರಸಿ ಕಡೆಯವಳು

ಮುಚ್ಚಳದ ಮೇಲೆ ಅಂಟಿಸಿದೆವು. ಕೆಳಗೆ 'ಖಾಲಿಯಾಯಿತಾ? ಇಲ್ಲಿ ಫೋನ್ ಹಿಡಿಯಿರಿ' ಅಂತ ಬರೆದಿದ್ದೇವೆ. ಅತ್ತೆಯೇ ತಮ್ಮ ಫೋನ್ ಹಿಡಿದು ಪರೀಕ್ಷೆ ಮಾಡಿದರು, ಒಂದೇ ಸಲಕ್ಕೆ ತೆರೆಯಿತು. ನಾಳೆ ಬೆಳಗಿನ ಬಸ್ಸಿಗೆ ಮೊದಲ 40 ಬಾಟಲಿ ಹೋಗುತ್ತವೆ.